ಹೆಸರಿಲ್ಲದೆ ಸೇವ್ ಆಗುವುದಿಲ್ಲ

ಬಸವಕಲ್ಯಾಣ
೧೨ ಏಪ್ರಿಲ್ ೨೦೨೫

ಗುರುನಾಥ ಮಾಮಾ,

ನಮಸ್ಕಾರ ಆಮೇಲೆ, ಮೊದಲು ನನ್ನ ಗೋಳು ಕೇಳಿ. ಕಲಬುರಗಿಯ ಡಿಸೈನ್ ಕಾಲೇಜಿನ ಕೊನೆಯ ಪಾಠ ಮುಗಿಯಿತು. ಹಾಸ್ಟೆಲ್ ಖಾಲಿ ಮಾಡಿ ಮನೆಗೆ ಬಂದು ಹದಿನೈದು ದಿನ. ಆ ಹದಿನೈದು ದಿನದಲ್ಲಿ ಒಂದು ತಾಸು ನೆಟ್ಟಗೆ ಒಂದು ಕಡೆ ಕೂತಿಲ್ಲ. ಮೇ ಇಪ್ಪತ್ತಕ್ಕೆ ಕಾಲೇಜಿನವರು ನಮ್ಮ ಕೆಲಸ ನೋಡುತ್ತಾರೆ. ಅದು ಹೇಗೋ ಆಗುತ್ತದೆ. ನನ್ನ ಚಿಂತೆ ಬೇರೆ. ಮೈಸೂರಿನಲ್ಲಿ ಕನ್ನಡ ಅಕ್ಷರಗಳನ್ನೇ ವಿನ್ಯಾಸ ಮಾಡುವ ಒಂದು ಸ್ಟುಡಿಯೊ ಇದೆ. ವರ್ಷಕ್ಕೆ ಒಬ್ಬರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಆ ಒಬ್ಬಳು ನಾನಾಗಬೇಕು, ಮಾಮಾ. ಇದನ್ನು ಬಿಟ್ಟು ನನಗೆ ಬೇರೆ ಏನೂ ಬೇಡ.

ಅವರಿಗೆ ಅರ್ಜಿ, ಸರ್ಟಿಫಿಕೇಟು ಏನೂ ಬೇಕಿಲ್ಲ. ಪೋರ್ಟ್‌ಫೋಲಿಯೊ ಲಿಂಕ್ ಕಳಿಸಿ ಅನ್ನುತ್ತಾರೆ, ಅಷ್ಟೇ. ಅಂದರೆ ನಾನು ಮಾಡಿದ ಕೆಲಸವನ್ನೆಲ್ಲ ಇಂಟರ್ನೆಟ್ಟಿನಲ್ಲಿ ಜೋಡಿಸಿಟ್ಟ ಪುಟ. ನಿಮ್ಮ ಅಂಗಡಿಯ ಮುಂದೆ ಮಾದರಿ ಬೋರ್ಡುಗಳನ್ನು ತೂಗುಹಾಕಿದ್ದೀರಲ್ಲ, ಹಾಗೆ.

ಇಂಥ ಪುಟ ಪುಕ್ಕಟೆ ಮಾಡಿಕೊಡುವ ತಾಣಗಳು ಹತ್ತಾರಿವೆ. ಅಲ್ಲೇ ನನ್ನ ತಲೆ ಕೆಟ್ಟಿದ್ದು. ಮೊದಲನೆಯದರಲ್ಲಿ ಪುಟ ಚಂದ ಬಂತು, ಆದರೆ ಐದು ಚಿತ್ರಕ್ಕಿಂತ ಹೆಚ್ಚು ಹಾಕುವಂತಿಲ್ಲ. ಎರಡನೆಯದರಲ್ಲಿ ಎಷ್ಟು ಬೇಕಾದರೂ ಹಾಕಬಹುದು, ಆದರೆ ಅದೊಂದು ಸಂತೆ. ನನ್ನ ಕೆಲಸ ನೋಡಲು ಬಂದವರಿಗೆ ಪಕ್ಕದಲ್ಲೇ ಇನ್ನೊಬ್ಬರ ಕೆಲಸ ತೋರಿಸಿ ಎಳೆದುಕೊಂಡು ಹೋಗುತ್ತದೆ. ಗೆಳತಿ ಸಿಮ್ರಾನ್ ತಾನೇ ಕೋಡ್ ಬರೆದು ಪುಟ ಕಟ್ಟಿದ್ದಾಳೆ, ಯಾರ ಹಂಗೂ ಇಲ್ಲ. ನಾನೂ ಎರಡು ದಿನ ಕೂತೆ. ಎಲ್ಲೋ ಒಂದು ಚುಕ್ಕೆ ತಪ್ಪಿದ್ದಕ್ಕೆ ಪುಟವೆಲ್ಲ ಬೆಳ್ಳಗಾಯಿತು. ನಾಲ್ಕನೆಯದು ನನಗೆ ಇಷ್ಟ. ಆದರೆ ಅದು ಕೆಳಗಿನ ಮೂಲೆಯಲ್ಲಿ ತನ್ನ ಹೆಸರು ಹಾಕಿಕೊಳ್ಳುತ್ತದೆ, ಈ ಪುಟವನ್ನು ನಮ್ಮಲ್ಲಿ ಮಾಡಲಾಗಿದೆ ಅಂತ. ತೆಗೆಯಬೇಕೆಂದರೆ ಹಣ ಕೊಡಬೇಕು. ವಿಳಾಸದಲ್ಲೂ ಅವರದೇ ಬಾಲ. ಅದರಲ್ಲೂ ಸ್ನೇಹಲ್ ಎಂಬ ಹೆಸರನ್ನು ಯಾರೋ ಮೊದಲೇ ಹಿಡಿದಿದ್ದಾರೆ. ನನಗೆ ಸಿಕ್ಕಿದ್ದು ಸ್ನೇಹಲ್-೨೦೩.

ಅವ್ವ ಹಿಂದೆ ನಿಂತು ನೋಡಿ, "ನಿನ್ನೆ ಹಸರ ಇತ್ತು, ಇವತ್ತ ಕರ್ರಗ ಮಾಡೀದಿ. ಒಂದ ಕಡಿ ನಿಲ್ಲಂಗೇ ಇಲ್ಲೇನ ನೀ?" ಅಂದಳು. ಅವಳು ಪುಟಕ್ಕೆ ಅಂದಳೋ ನನಗೆ ಅಂದಳೋ ತಿಳಿಯಲಿಲ್ಲ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ನಮ್ಮ ಕಡೆಯ ಬೋರ್ಡು ಬರಹದಿಂದ ಒಂದು ಫಾಂಟ್ ಮಾಡುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಯಾರು ಒತ್ತಿದರೂ ಆ ಅಕ್ಷರ ಬರಬೇಕು. ಒಂದು ಡ್ರಾಯಿಂಗ್ ಶೀಟಿನಲ್ಲಿ ನೀವು ಬ್ರಶ್ಶಿನಿಂದ ಅ ಇಂದ ಳ ತನಕ ಬರೆದು ಕಳಿಸಿ. ಳ ಅಂತೂ ಬೇಕೇ ಬೇಕು. ಅದರ ಬಾಲವನ್ನು ನೀವು ಬಲದಿಂದ ಎಡಕ್ಕೆ ಎಳೆಯುತ್ತೀರಲ್ಲ, ಹಾಗೆ ಎಳೆಯುವವರು ಇನ್ನೊಬ್ಬರಿಲ್ಲ. ಫೋನ್ ಮಾಡಿದರೆ ನಿಮಗೆ ಕೇಳುವುದಿಲ್ಲ, ಮೆಸೇಜು ಹಾಕಿದರೆ ನೀವು ನೋಡುವುದಿಲ್ಲ, ಅದಕ್ಕೇ ಎಂದಿನಂತೆ ಈ ಕಾಗದ.

ನಿಮ್ಮ
ಸ್ನೇಹಲ್


ಹುಮನಾಬಾದ
೧೯ ಏಪ್ರಿಲ್ ೨೦೨೫

ಸ್ನೇಹಲ್-೨೦೩ ಅವರಿಗೆ,

ಹುಮನಾಬಾದದ ಒಬ್ಬನೇ ಒಬ್ಬ ಗುರುನಾಥನ ಆಶೀರ್ವಾದ. ನಿನ್ನ ಹೆಸರಿನಲ್ಲೇ ನಿನಗೆ ಇನ್ನೂರ ಮೂರನೆಯ ನಂಬರು ಕೊಟ್ಟರೆಂದು ಓದಿ ಮೂರು ಸಲ ನಕ್ಕೆ. ಪಕ್ಕದ ಆನ್‌ಲೈನ್ ಸೆಂಟರಿನ ಮೀನಾಜ್ ಗೊತ್ತಲ್ಲ, ನನಗೆ ಬ್ರಶ್ ಹಿಡಿಯಲು ಕಲಿಸಿದ ಸಾಜಿದ ಉಸ್ತಾದರ ಮಗಳು. ದಿನವಿಡೀ ಜನರ ಅರ್ಜಿ ತುಂಬಿ ತುಂಬಿ ಅವಳಿಗೆ ನಗುವುದೇ ಮರೆತುಹೋಗಿತ್ತು. ಅವಳೂ ನಕ್ಕಳು.

ನಿನ್ನ ನಾಲ್ಕು ತಾಣಗಳ ಕಥೆ ನನಗೆ ಚೆನ್ನಾಗಿ ಅರ್ಥವಾಯಿತು. ನಾಲ್ಕೂ ಗೋಡೆಗಳೇ. ಒಂದು ಸಣ್ಣ ಗೋಡೆ, ಒಂದು ಸಂತೆಯ ಗೋಡೆ, ಒಂದು ನೀನೇ ಇಟ್ಟಿಗೆ ಹೊತ್ತು ಕಟ್ಟಬೇಕಾದ ಗೋಡೆ, ಇನ್ನೊಂದು ಮಾಲಕ ತನ್ನ ಹೆಸರು ಬರೆಸಿಕೊಂಡೇ ಕೊಡುವ ಗೋಡೆ. ಯಾವುದಾದರೂ ಹಿಡಿ. ಬಸ್ಸಿನಲ್ಲಿ ಹೋಗುವವನು ಗೋಡೆ ಯಾರದೆಂದು ಕೇಳುವುದಿಲ್ಲ. ಅವನು ಕಣ್ಣು ಹೊರಳಿಸುವಷ್ಟರಲ್ಲಿ ನೀನು ಬರೆದದ್ದು ಓದಲು ಬಂತೋ ಇಲ್ಲವೋ, ಅಷ್ಟೇ ಲೆಕ್ಕ. ಹತ್ತು ಕೆಲಸ ತುರುಕಬೇಡ. ಮೂರು ಸಾಕು.

ಆದರೆ ಪುಕ್ಕಟೆ ಕೊಟ್ಟು ಮೂಲೆಯಲ್ಲಿ ಹೆಸರು ಹಾಕಿಕೊಳ್ಳುವುದು ಮಾತ್ರ ನನಗೆ ಸೇರಲಿಲ್ಲ. ನಮ್ಮ ಕಸುಬಿನಲ್ಲಿ ಅದು ತಿರುಗಾಮುರುಗಾ. ದುಡಿಮೆಯ ಬೋರ್ಡಾದರೆ ಕೆಳಗಿನ ಮೂಲೆಯಲ್ಲಿ ಗುರುನಾಥ ಆರ್ಟ್ಸ್ ಎಂದು ಬರೆಯುತ್ತೇನೆ. ಗುಡಿ, ಮಠ, ದರ್ಗಾ, ಭಜನಾ ಮಂಡಳಿಗೆ ಸೇವೆಯೆಂದು ಬರೆದುಕೊಟ್ಟರೆ ಹೆಸರು ಹಾಕುವುದಿಲ್ಲ. ಹಾಕಿದರೆ ಅದು ಸೇವೆಯಲ್ಲ, ಜಾಹೀರಾತು. ಉಸ್ತಾದರು ಹಾಗೇ ಕಲಿಸಿದ್ದು. ಈ ಸೀಮೆಯಲ್ಲಿ ನನ್ನ ಕೈಯ ಎಷ್ಟೋ ಬೋರ್ಡು ಹೆಸರಿಲ್ಲದೆ ನಿಂತಿವೆ, ನಾನು ಹಾದುಹೋಗುವಾಗ ಕಂಡೂ ಕಾಣದಂತೆ ಹೋಗುತ್ತೇನೆ.

ಳ ಕಳಿಸುತ್ತೇನೆ, ಅವಸರ ಮಾಡಬೇಡ. ಘಾಟಬೋರಾಳದಲ್ಲಿ ಎರಡು ಗೋಡೆ ಹಿಡಿದಿದ್ದೇನೆ, ಬೆಳಿಗ್ಗೆ ಹೋದರೆ ಸಂಜೆ ಬರುತ್ತೇನೆ. ನೀನು ಇಲ್ಲಿಗೆ ಬರುವ ಉಸಾಬರಿ ಬೇಡ, ಬಿಸಿಲು ಬೆಂಕಿಯ ಹಾಗಿದೆ. ನಿಮ್ಮ ಅವ್ವ ಪಾರ್ವತಿಗೂ ಬರಬೇಡವೆಂದು ಹೇಳು.

ಗುರುನಾಥ


ಬಸವಕಲ್ಯಾಣ
೨ ಮೇ ೨೦೨೫

ಮಾಮಾ,

ಗೋಡೆ ಹಿಡಿದೆ! ನಾಲ್ಕನೆಯದು. ಮೂಲೆಯಲ್ಲಿ ಅವರ ಹೆಸರು ಇದ್ದರೆ ಇರಲಿ. ಮೂರೇ ಕೆಲಸ ಹಾಕಿದ್ದೇನೆ, ನೀವು ಹೇಳಿದಂತೆ. ಮಧ್ಯದಲ್ಲಿ ಫಾಂಟ್. ಅದರ ಮೇಲೆ ದೊಡ್ಡದಾಗಿ ಬೇಮಳಖೇಡದ ಭಜನಾ ಮಂಡಳಿಯ ಬೋರ್ಡಿನ ಫೋಟೋ.

ಕಳೆದ ವಾರ ಅಪ್ಪನ ಗಾಡಿ ತೆಗೆದುಕೊಂಡು ಬೇಮಳಖೇಡಕ್ಕೇ ಹೋಗಿದ್ದೆ. ನೆನಪಿದೆಯಾ, ಆ ಬೋರ್ಡು ಬರೆದಾಗ ನನಗೆ ಒಂಬತ್ತು ವರ್ಷ. ನೀವು ಏಣಿಯ ಮೇಲೆ, ನಾನು ಕೆಳಗೆ ನೀಲಿ ಬಣ್ಣದ ಡಬ್ಬಿ ಹಿಡಿದುಕೊಂಡು. ಮಂಡಳಿಯ ಜ್ಞಾನೇಶ್ವರ ಕಾಕಾ ಮರಾಠಿ ಪಂಚಾಂಗ ಹಿಡಿದುಕೊಂಡು ಬಂದು, "ಇಸವಿ ಬ್ಯಾಡ ಗುರುನಾಥಾ, ಶಕೆ ಬರಿ, ಶಕೆ" ಎಂದು ಹಟ ಹಿಡಿದಿದ್ದರು. ನೀವು ಶಕೆ ೧೯೩೪ ಎಂದು ಬರೆದಿರಿ, ಇಸವಿಗಿಂತ ಎಪ್ಪತ್ತೆಂಟು ವರ್ಷ ಹಿಂದಿನ ಲೆಕ್ಕ. ನಾನು ಮನೆಗೆ ಬಂದು ಶಾಲೆಯ ನೋಟುಬುಕ್ಕಿನಲ್ಲೂ ಇಸವಿಯ ಜಾಗದಲ್ಲಿ ಅದನ್ನೇ ಬರೆದು ಮಾಸ್ತರರಿಂದ ಬೈಸಿಕೊಂಡಿದ್ದೆ.

ಈಗ ಬೋರ್ಡಿನ ಸ್ಥಿತಿ ನೋಡಿದರೆ ಅಳು ಬರುತ್ತದೆ. ಮೇಲಿನಿಂದ ನೀರು ಇಳಿದು ಎಡಗಡೆಯ ತಗಡನ್ನು ತುಕ್ಕು ತಿಂದಿದೆ. ಶಕೆ ಅನ್ನುವ ಮಾತು ಪೂರ್ತಿ ಹೋಗಿ ಬರೀ ೧೯೩೪ ಉಳಿದಿದೆ. ಮಂಡಳಿಯ ಳ, ಬೇಮಳಖೇಡದ ಳ, ಎರಡೂ ಇಲ್ಲ. ನೀವು ಶೀಟು ಕಳಿಸಲೇ ಇಲ್ಲ, ದಿನ ಹತ್ತಿರ ಬಂತು. ಅದಕ್ಕೆ ನಿಮ್ಮ ಹೋದ ಪತ್ರವನ್ನೇ ಸ್ಕ್ಯಾನ್ ಮಾಡಿ ಅದರಲ್ಲಿನ ಳವನ್ನು ಎತ್ತಿಕೊಂಡೆ. ನಿಮ್ಮ ಕೈಬರಹ ಈಚೆಗೆ ಇನ್ನೂ ತಿದ್ದಿಕೊಂಡಿದೆ ಮಾಮಾ, ಒಂದೊಂದು ಅಕ್ಷರವೂ ಅಚ್ಚುಕಟ್ಟು. ಫಾಂಟಿಗೆ ಹೇಳಿ ಮಾಡಿಸಿದ ಹಾಗಿದೆ.

ಈ ತಾಣದ್ದು ಒಂದು ಪೀಡೆ. ಪ್ರತಿ ಚಿತ್ರದ ಕೆಳಗೂ ಖಾನೆಗಳಿವೆ. ಊರು, ವರ್ಷ, ಬರೆದವರು. ಯಾವುದನ್ನೂ ಖಾಲಿ ಬಿಡುವಂತಿಲ್ಲ. ಬರೆದವರು ಅನ್ನುವ ಕಡೆ ಹೆಸರು ತುಂಬದಿದ್ದರೆ ಸೇವ್ ಆಗುವುದಿಲ್ಲ, ಕೆಂಪಗಾಗಿ ಅಲ್ಲೇ ನಿಲ್ಲುತ್ತದೆ. ಹೇಗೋ ತುಂಬಿದೆ. ಕಾಲೇಜಿನಲ್ಲಿ ನಮಗೆ ಕಲಿಸುವ ವರ್ಷಾ ಮೇಡಂ ನೋಡಿ ಚೆನ್ನಾಗಿದೆ ಅಂದರು.

ನಿಮ್ಮ ಘಾಟಬೋರಾಳದ ಗೋಡೆ ಮುಗಿಯಿತೇ?

ಸ್ನೇಹಲ್


ಹುಮನಾಬಾದ
೯ ಮೇ ೨೦೨೫

ಸ್ನೇಹಲ್,

ನಿನ್ನ ಪತ್ರ ಎರಡು ಸಲ ಓದಿಸಿದೆ, ಎಂದರೆ ಓದಿದೆ. ಹೆಸರು ತುಂಬದಿದ್ದರೆ ಸೇವಾ ಆಗುವುದಿಲ್ಲ ಎಂದು ಬರೆದಿದ್ದೀಯಲ್ಲ, ಅದು ಯಾವ ಊರಿನ ಸೇವಾ? ನಮ್ಮಲ್ಲಿ ಹೆಸರು ತುಂಬಿದರೆ ಸೇವಾ ಆಗುವುದಿಲ್ಲ. ಮೀನಾಜ್ ನಗುತ್ತಾ, "ಚಾಚಾ, ಅದು ಸೇವಾ ಅಲ್ರಿ, ಸೇವ್. ಕಂಪ್ಯೂಟರ್‌ದಾಗ ಉಳೀಬೇಕಲ್ರಿ, ಅದು" ಎಂದಳು. ಉಳಿಯುವುದಕ್ಕೂ ಹೆಸರೇ ಬೇಕೇ? ನಿಮ್ಮ ಯಂತ್ರದ ರೀತಿ ನನಗೆ ತಿಳಿಯದು.

ಆ ಖಾನೆಯಲ್ಲಿ ಏನು ತುಂಬಿದೆ, ಅದನ್ನು ಬರೆಯಲೇ ಇಲ್ಲವಲ್ಲ.

ಜ್ಞಾನೇಶ್ವರ ಕಾಕಾ ಮೊನ್ನೆ ಇಲ್ಲಿಗೇ ಬಂದಿದ್ದರು. ಆ ಬೋರ್ಡು ಇಳಿಸಿ ಆಷಾಢ ಏಕಾದಶಿಯೊಳಗೆ ಹೊಸ ತಗಡಿನ ಮೇಲೆ ಬರೆದುಕೊಡಬೇಕಂತೆ. ಫ್ಲೆಕ್ಸ್ ಹಾಕಿಸಿರಿ ಅಂದೆ. "ಫ್ಲೆಕ್ಸಿನ ಮುಂದ ಕೂತು ಭಜನಿ ಹ್ಯಾಂಗ ಮಾಡೂದು?" ಅಂದರು. ನೋಡೋಣ ಎಂದು ಕಳಿಸಿದೆ.

ನನ್ನ ಅಕ್ಷರ ತಿದ್ದಿಕೊಂಡಿದೆ ಎಂದೆಯಲ್ಲ. ಐವತ್ತಾರನೆಯ ವಯಸ್ಸಿಗೆ ಆ ಮಾತು ಕೇಳುವುದು ನನ್ನ ಹಣೆಯಲ್ಲಿ ಬರೆದಿತ್ತು. ನಿನ್ನ ಪುಟ ನೋಡಬೇಕೆಂದು ಆಸೆಯಾಗಿದೆ. ವಿಳಾಸ ಬರೆದು ಕಳಿಸು, ಮೀನಾಜ್ ತೋರಿಸುತ್ತಾಳೆ.

ಗುರುನಾಥ


ಬಸವಕಲ್ಯಾಣ
೨೩ ಮೇ ೨೦೨೫

ಮಾಮಾ,

ಅವಸರದಲ್ಲಿದ್ದೇನೆ, ನಾಲ್ಕು ಸಾಲು ಮಾತ್ರ. ಕಾಲೇಜಿನದು ಮುಗಿಯಿತು, ಒಳ್ಳೆಯ ಅಂಕ ಬಂತು. ಮೈಸೂರಿನಿಂದ ಸ್ಟುಡಿಯೊದ ಅಂಬರೀಷ ಸರ್ ತಾವೇ ಫೋನ್ ಮಾಡಿದ್ದರು. ಜೂನ್ ಹತ್ತಕ್ಕೆ ಎದುರಿಗೆ ಕೂತು ಮಾತಾಡಬೇಕಂತೆ, ಕರೆದದ್ದು ಇಬ್ಬರನ್ನೇ! ಬೇಮಳಖೇಡದ ಬೋರ್ಡು ಅವರಿಗೆ ಬಹಳ ಹಿಡಿಸಿದೆ. ಅದರ ಬಗ್ಗೆಯೇ ಕೇಳಿದರು.

ಪುಟದ ವಿಳಾಸ ಇನ್ನೂ ಬದಲಾಗುತ್ತಿದೆ. ಗಟ್ಟಿಯಾದ ಮೇಲೆ ಕಳಿಸುತ್ತೇನೆ. ಬಿಸಿಲು ಕಡಿಮೆಯಾದ ಮೇಲೆ ನಾನೇ ಬಂದು ತೋರಿಸುತ್ತೇನೆ.

ಸ್ನೇಹಲ್


ಬಸವಕಲ್ಯಾಣ
೨೫ ಮೇ ೨೦೨೫

ಮಾಮಾ,

ಮೊನ್ನೆಯ ಪತ್ರ ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧ ಇದು. ಓಣಿಯಲ್ಲಿ ನಾಲ್ಕು ಸಲ ಸುತ್ತು ಹಾಕಿ ಬಂದು ಕೂತಿದ್ದೇನೆ.

ಬರೆದವರು ಅನ್ನುವ ಖಾನೆಯಲ್ಲಿ ನಾನು ತುಂಬಿದ್ದು: ತಿಳಿಯದು.

ಮೊದಲು ನಿಮ್ಮ ಹೆಸರೇ ಹಾಕಿದ್ದೆ. ವರ್ಷಾ ಮೇಡಂ, "ನಿಮ್ಮ ಮಾಮನ ಕೈಬರಹ ಅಂದ್ರೆ ಮನೆಯವರ ವಿಷಯ ಆಗತ್ತೆ, ಹುಡುಕಿ ತೆಗೆದದ್ದು ಅನ್ನಿಸಲ್ಲ" ಅಂದರು. ಅಷ್ಟಕ್ಕೇ ನಾನು ಅಳಿಸಿದೆ. ಬೋರ್ಡಿನ ಮೂಲೆಯಲ್ಲಿ ಹೆಸರಿಲ್ಲವಲ್ಲ, ಹೆಸರಿಲ್ಲದ್ದಕ್ಕೆ ತಿಳಿಯದು ಅಂದರೆ ಏನು ತಪ್ಪು ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಡಬ್ಬಿ ಹಿಡಿದು ಕೆಳಗೆ ನಿಂತವಳು ನಾನು. ನನಗೆ ತಿಳಿಯದೇ?

ವರ್ಷದ ಖಾನೆಯಲ್ಲೂ ಶಕೆ ಬಿಟ್ಟು ಬರೀ ೧೯೩೪ ತುಂಬಿದ್ದೆ. ಆಮೇಲೆ ಅಂಬರೀಷ ಸರ್ ಫೋನು ಬಂತು. ಅವರು ದಕ್ಷಿಣದವರು, ಶಕೆ ಗಿಕೆ ಅವರ ತಲೆಯಲ್ಲಿ ಬರುವುದಿಲ್ಲ. "ಸಾವಿರದ ಒಂಬೈನೂರ ಮೂವತ್ತನಾಲ್ಕರ ಬೋರ್ಡು! ನಿಜಾಮರ ಕಾಲದಲ್ಲಿ ಕನ್ನಡದಲ್ಲಿ! ಇಂಥದ್ದು ನಾವು ಎಲ್ಲೂ ನೋಡಿಲ್ಲಮ್ಮ, ಯಾರು ಬರೆದದ್ದು ಅಂತ ಸ್ವಲ್ಪ ಹುಡುಕೋಕ್ಕಾಗತ್ತಾ?" ಅಂದರು. ನಾನು, "ನೋಡ್ತೀನಿ ಸರ್" ಅಂದೆ. ನನ್ನ ಬಾಯಿಂದಲೇ ಬಂತು, ಮಾಮಾ. ಅವರು ಹಳೆಯ ಬೋರ್ಡುಗಳ ಬಗ್ಗೆ ಒಂದು ಪುಸ್ತಕ ಮಾಡುತ್ತಿದ್ದಾರೆ. ಬೇಮಳಖೇಡದ್ದನ್ನು ಮೊದಲ ಪುಟದಲ್ಲೇ ಹಾಕುವ ಆಸೆಯಂತೆ, ನನ್ನನ್ನು ಕರೆದಿರುವುದೂ ಅದಕ್ಕೇ. ಹೇಳಿಬಿಟ್ಟರೆ ಮೈಸೂರು ಹೋಯಿತು. ಹೇಳದಿದ್ದರೆ ನೀವು ಹೋದಿರಿ.

ನಾಚಿಕೆಯಾಗುತ್ತಿದೆ. ಈ ಪತ್ರವನ್ನು ಲ್ಯಾಪ್‌ಟಾಪಿನ ಕೆಳಗೆ ಇಡುತ್ತೇನೆ. ಧೈರ್ಯ ಬಂದ ದಿನ ಅಂಚೆಗೆ ಹಾಕುತ್ತೇನೆ.

ಸ್ನೇಹಲ್


ಹುಮನಾಬಾದ
೧ ಜೂನ್ ೨೦೨೫

ಸ್ನೇಹಲ್,

ನಿನ್ನ ವಿಳಾಸ ಗಟ್ಟಿಯಾಗುವವರೆಗೆ ಪಾರ್ವತಿಗೆ ತಾಳ್ಮೆ ಇರಲಿಲ್ಲ. ಮಗಳ ಪುಟವನ್ನು ಮೀನಾಜಳ ಫೋನಿಗೆ ಕಳಿಸಿ, "ನಮ್ಮ ಅಣ್ಣಗ ತೋರಸವಾ" ಎಂದಿದ್ದಾಳೆ. ನಿನ್ನೆ ಮಧ್ಯಾಹ್ನ ನೋಡಿದೆ. ಬೋರ್ಡು ದೊಡ್ಡದಾಗಿ ಬಂತು. ಹದಿಮೂರು ವರ್ಷದ ಮೇಲೆ ನನ್ನ ಕೆಲಸವನ್ನು ಕಂಡೂ ಕಾಣದಂತೆ ಹೋಗದೆ ಕೂತು ನೋಡಿದೆ. ಹೆಮ್ಮೆಯಾಯಿತು. ಆಮೇಲೆ ಮೀನಾಜ್ ಕೆಳಗಿನ ಖಾನೆಗಳನ್ನು ಓದಿದಳು. ಊರು ಬೇಮಳಖೇಡ. ವರ್ಷ ೧೯೩೪. ಬರೆದವರು ಎಂದು ಓದಿ ನಿಲ್ಲಿಸಿದಳು. ನನಗೆ ಕೇಳಲಿಲ್ಲವೆಂದು ತಿಳಿದು ಇನ್ನೊಮ್ಮೆ ಕೇಳಿದೆ. ಅವಳು ಕಾಗದದ ಮೇಲೆ ಬರೆದು ತೋರಿಸಿದಳು.

ಹೆಸರು ಬರೆಯಲಿಲ್ಲವೆಂದು ನನಗೆ ಬೇಸರವಿಲ್ಲ. ಆ ಬೋರ್ಡಿಗೆ ನಾನೇ ಬರೆದಿಲ್ಲ. ಆದರೆ ಹೆಸರು ಬರೆಯದಿರುವುದು ಬೇರೆ, ತಿಳಿಯದು ಅನ್ನುವುದು ಬೇರೆ. ಮೊದಲನೆಯದು ನಾನು ಕೊಟ್ಟದ್ದು. ಎರಡನೆಯದು ನೀನು ಕಿತ್ತುಕೊಂಡದ್ದು. ನಿನ್ನೆ ಊಟ ಮಾಡಲಿಲ್ಲ, ಸಿಟ್ಟು ಬಂದಿತ್ತು. ಇವತ್ತು ಸಿಟ್ಟು ಇಳಿದಿದೆ, ನೋವು ಇಳಿದಿಲ್ಲ.

ಈಗ ನನ್ನ ತಪ್ಪು ಕೇಳು. ಈ ಪತ್ರವನ್ನೂ ಮೀನಾಜ್ ಬರೆಯುತ್ತಿದ್ದಾಳೆ. ‘ಇದನ್ನೂ’ ಎಂದೆ, ಗಮನಿಸು. ಜನವರಿಯಿಂದ ನಿನಗೆ ಬಂದ ಪತ್ರಗಳೆಲ್ಲ ಅವಳು ಬರೆದವು, ನಾನು ಹೇಳಿದ್ದು ಮಾತ್ರ. ಚಳಿಗಾಲದಿಂದ ನನ್ನ ಬಲಗೈ ನಡುಗುತ್ತಿದೆ. ಚಹಾ ಕಪ್ಪು ಹಿಡಿದರೆ ಅಂಗಿಯೇ ಕುಡಿಯುತ್ತದೆ. ಕಲಬುರಗಿಯ ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ, ನಡುಕ ಕಡಿಮೆಯಾಗುತ್ತದೆ, ಹೋಗುವುದಿಲ್ಲ ಅಂದರು. ಘಾಟಬೋರಾಳದ ಗೋಡೆ ಸುಳ್ಳು. ಐದು ತಿಂಗಳಿಂದ ಬ್ರಶ್ ಮುಟ್ಟಿಲ್ಲ. ಪಾರ್ವತಿಗೆ ತಿಳಿದರೆ ಅತ್ತು ಕರೆದು ನನ್ನನ್ನು ಬಸವಕಲ್ಯಾಣಕ್ಕೆ ಎಳೆದುಕೊಂಡು ಹೋಗುತ್ತಾಳೆಂದು ಯಾರಿಗೂ ಹೇಳಲಿಲ್ಲ.

ಆದರೆ ನಿನಗೆ ತಿಳಿಯುತ್ತದೆ ಎಂದುಕೊಂಡಿದ್ದೆ, ಸ್ನೇಹಲ್. ಮೊದಲ ಪತ್ರ ಕಳಿಸಿದ ದಿನ ಮೀನಾಜಳಿಗೆ ಹೇಳಿದ್ದೆ, ಆ ಹುಡುಗಿ ನನ್ನ ಅಕ್ಷರದ ಮೇಲೆ ಬೆರಳಿಟ್ಟು ಬೆಳೆದವಳು, ಪಾಕೀಟು ನೋಡಿದ ಕೂಡಲೇ ಬಸ್ಸು ಹತ್ತಿ ಬರುತ್ತಾಳೆ ಎಂದು. ನೀನು ಬರಲಿಲ್ಲ. ಅಕ್ಷರ ತಿದ್ದಿಕೊಂಡಿದೆ ಎಂದು ಬರೆದೆ.

ಗುರುನಾಥ

ಈ ಸಾಲು ನನ್ನದು, ಮೀನಾಜಳದು. ನನ್ನ ಅಬ್ಬಾ ಚಾಚಾಗೆ ಕಲಿಸಿದ್ದನ್ನು ಚಾಚಾ ನನಗೆ ಕಲಿಸಿದರು, ಆದರೂ ನನ್ನ ಳದ ಬಾಲ ಗಿಡ್ಡ. ನಿಮ್ಮ ಫಾಂಟಿನ ಳ ನನ್ನದು. ಬಿಟ್ಟುಕೊಟ್ಟಿದ್ದೇನೆ, ಆದರೆ ಅದು ಅವರದಲ್ಲ.


ಬಸವಕಲ್ಯಾಣ
೫ ಜೂನ್ ೨೦೨೫

ಮಾಮಾ,

ಇದರ ಜೊತೆ ಇನ್ನೊಂದು ಪತ್ರ ಇದೆ, ಮೇ ಇಪ್ಪತ್ತೈದರದು. ಅದನ್ನು ಮೊದಲು ಓದಿ. ಹಾಕುವ ಧೈರ್ಯ ಬರಲಿಲ್ಲ, ನೀವೇ ಕಂಡುಹಿಡಿದ ಮೇಲೆ ಹಾಕುತ್ತಿದ್ದೇನೆ. ಹೇಡಿತನ ಎಂದರೆ ಹೌದು.

ನಿಮ್ಮ ಪತ್ರ ಬಂದ ಮೇಲೆ ಹಳೆಯ ಪತ್ರಗಳ ಗಂಟು ಬಿಚ್ಚಿದೆ. ಹೋದ ವರ್ಷದ್ದು ಎಡಕ್ಕೆ, ಈ ವರ್ಷದ್ದು ಬಲಕ್ಕೆ ಇಟ್ಟು ನೋಡಿದೆ. ನಾಲ್ಕು ವರ್ಷ ಅಕ್ಷರ ಓದಿದ್ದೇನೆ, ದೊಡ್ಡ ದೊಡ್ಡ ಹೆಸರಿನ ಪುಸ್ತಕ ಓದಿದ್ದೇನೆ. ನಿಮ್ಮ ಕ ಹೊಟ್ಟೆ ತುಂಬಿದ್ದು, ಮೀನಾಜಳದು ಚಿಕ್ಕದು. ನಿಮ್ಮ ಸಾಲು ಬಲಕ್ಕೆ ಹೋಗುತ್ತಾ ಮೇಲೇರುತ್ತದೆ, ಇವಳದು ಗೆರೆ ಹೊಡೆದ ಹಾಗೆ. ಕುರುಡಿಗೂ ಕಾಣುವಂಥದ್ದು. ನಾನು ಮೈಸೂರನ್ನೇ ನೋಡುತ್ತಾ ಕೂತಿದ್ದೆ, ಪತ್ರ ನೋಡಿರಲಿಲ್ಲ. ಅವ್ವನಿಗೆ ಎಲ್ಲ ಹೇಳಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಅಂವಾ ಹಟಮಾರಿ, ನೀ ಅವನ ಸೊಸಿನೇ" ಅಂದಳು. ನಿಮ್ಮನ್ನು ಎಳೆದುಕೊಂಡು ಬರುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದಾಳೆ, ಹೆದರಬೇಡಿ.

ಅಂಬರೀಷ ಸರ್‌ಗೆ ಫೋನ್ ಮಾಡಿದೆ. ಶಕೆ ೧೯೩೪ ಅಂದರೆ ೨೦೧೨, ಬರೆದವರು ನನ್ನ ಸೋದರಮಾವ, ನಾನೇ ಡಬ್ಬಿ ಹಿಡಿದಿದ್ದೆ, ಬೋರ್ಡಿನಲ್ಲಿ ಅಳಿದುಹೋದ ಳವನ್ನು ಇನ್ನೊಬ್ಬರ ಕೈಯಿಂದ ಎತ್ತಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು, "ಶಕೆ ಗೊತ್ತಾಗದೇ ಇದ್ದದ್ದು ನನ್ನ ತಪ್ಪು. ಗೊತ್ತಿದ್ದೂ ಹೇಳದೇ ಇದ್ದದ್ದು ನಿಮ್ಮ ತಪ್ಪು. ಈ ವರ್ಷ ಬೇಡಮ್ಮ" ಅಂದರು. ಹತ್ತನೆಯ ತಾರೀಖಿಗೆ ನಾನು ಹೋಗುತ್ತಿಲ್ಲ. ಫೋನ್ ಇಟ್ಟು ಅತ್ತೆ. ಈಗ ಅಳುತ್ತಿಲ್ಲ.

ಪುಟದಲ್ಲಿ ಈಗ ವರ್ಷ: ೨೦೧೨. ಬರೆದವರು: ಗುರುನಾಥ, ಹುಮನಾಬಾದ. ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಳ: ಮೀನಾಜ್, ಹುಮನಾಬಾದ. ಇದಕ್ಕಿಂತ ಹೆಚ್ಚು ಏನು ಮಾಡಬೇಕೋ ತಿಳಿಯುತ್ತಿಲ್ಲ. ಬಂದರೆ ಮುಖ ನೋಡುತ್ತೀರಾ?

ಸ್ನೇಹಲ್


ಹುಮನಾಬಾದ
೯ ಜೂನ್ ೨೦೨೫

ಸ್ನೇಹಲ್

ನಾನೇ ಬರಿಯಾಕತ್ತೇನಿ. ಎರಡ ದಿನ ಹತ್ತಿತು. ನಗಬ್ಯಾಡ.

ನನ್ನ ಹೆಸರ ತೆಗಿ. ಸೇವಾದ ಬೋರ್ಡು ಅದು. ಹದಿಮೂರು ವರ್ಷ ಹಾಕಲಾರದ್ದು ಈಗ ಯಾಕ ಹಾಕ್ತಿ. ಮೀನಾಜಂದು ಇರ್ಲಿ, ಅಕಿ ಸೇವಾ ಮಾಡಿಲ್ಲ, ಕೆಲಸ ಮಾಡ್ಯಾಳ.

ಜ್ಞಾನೇಶ್ವರ ಕಾಕಾನ ಹೊಸಾ ತಗಡ ಬಂದು ಅಂಗಡ್ಯಾಗ ನಿಂತದ. ನಂದು ಆಗಂಗಿಲ್ಲ. ನೀ ಬರೀಬೇಕು. ನಾ ಡಬ್ಬಿ ಹಿಡೀತೇನಿ, ಅಷ್ಟ ನಡಗಂಗಿಲ್ಲ. ಫೋಟೋ ಬೇಕಾದ್ರ ತಕ್ಕೋ. ಮೂಲ್ಯಾಗ ಹೆಸರ ಹಾಕಬ್ಯಾಡ.

ಳ ಬರೀಲಿಕ್ಕ ನೋಡಿದೆ. ಬಾಲ ಬರಲಿಲ್ಲ. ಬಾ, ತೋರಸ್ತೇನಿ.


ಬಸವಕಲ್ಯಾಣ
೧೨ ಜೂನ್ ೨೦೨೫

ಮಾಮಾ,

ಈ ಪತ್ರ ನಿಮಗೆ ಮುಟ್ಟುವ ಮೊದಲೇ ನಾನು ಮುಟ್ಟಿರುತ್ತೇನೆ. ನಾಳೆ ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಡುತ್ತೇನೆ. ಮುಕ್ಕಾಲು ಗಂಟೆಯ ದಾರಿ, ಎರಡೂವರೆ ತಿಂಗಳು ತೆಗೆದುಕೊಂಡೆ. ಆದರೂ ಬರೆಯುತ್ತಿದ್ದೇನೆ. ಎದುರಿಗೆ ನಿಮಗೆ ಕೇಳುವುದಿಲ್ಲ, ಎದುರಿಗೆ ನನಗೆ ಹೇಳಲು ಬರುವುದಿಲ್ಲ.

ನಿಮ್ಮ ಪತ್ರವನ್ನು ಸ್ಕ್ಯಾನ್ ಮಾಡಲಿಲ್ಲ. ಸುಮ್ಮನೆ ಓದಿದೆ. ಸಾಲು ಬಲಕ್ಕೆ ಹೋಗುತ್ತಾ ಮೇಲೇರಿದೆ. ಕ ನಡುಗಿದೆ, ಆದರೆ ಹೊಟ್ಟೆ ತುಂಬಿದೆ. ನೀವು ಹೆಸರು ಹಾಕುವುದನ್ನು ಮರೆತಿದ್ದೀರಿ, ಬೇಕೂ ಇರಲಿಲ್ಲ.

ಹೊಸ ತಗಡಿನಲ್ಲಿ ಶಕೆ ಅನ್ನುವುದನ್ನು ಅಂಚಿನಿಂದ ನಾಲ್ಕು ಬೆರಳು ಒಳಗೆ ಬರೆಯುತ್ತೇನೆ, ನೀರು ತಿನ್ನದ ಹಾಗೆ. ಲೆಕ್ಕ ಹಾಕಿದೆ, ಈ ವರ್ಷ ಶಕೆ ೧೯೪೭. ಮುಂದೆ ಯಾರಾದರೂ ಅದನ್ನೂ ಸ್ವಾತಂತ್ರ್ಯದ ವರ್ಷ ಅಂದುಕೊಂಡು ಕುಣಿದಾಡಿದರೆ ಈ ಸಲ ಮೊದಲೇ ಹೇಳುತ್ತೇನೆ.

ಪುಟದಿಂದ ನಿಮ್ಮ ಹೆಸರು ತೆಗೆದೆ. ಖಾನೆ ಮತ್ತೆ ಕೆಂಪಗಾಗಿ ಬರೆದವರು ಯಾರು ಎಂದು ಪೀಡಿಸಿತು. ಬರೆದೆ: ಯಾರೆಂದು ನನಗೆ ಗೊತ್ತು. ಸೇವೆಯ ಬೋರ್ಡು, ಹೆಸರು ಹಾಕುವ ರೂಢಿ ಇಲ್ಲ.

ಸೇವ್ ಆಯಿತು, ಮಾಮಾ.

ಈ ಪತ್ರದ ಕೆಳಗೂ ಹೆಸರು ಹಾಕುತ್ತಿಲ್ಲ. ಅಕ್ಷರ ನೋಡಿದರೆ ನಿಮಗೆ ತಿಳಿಯುತ್ತದೆ.